ಅಮ್ಮನ ಜೊತೆ ಚಿಯಾಂಗ್ ಮಾಯ್: ರೆಸಾರ್ಟ್‌ಗೆ ಅಂತ ಹೋಗಿ ಗದ್ದೆಗೆ ಇಳಿದಿದ್ದು

ಗದ್ದೆ ಅಂಚಲ್ಲಿ ನಿಂತಿದ್ದ ಅಮ್ಮ ಬಗ್ಗಿ ಒಂದು ಸಸಿ ಮುಟ್ಟಿ ನೋಡಿ "ಇದನ್ನ ಈ ವಾರದಲ್ಲೇ ಎರಡು ಸಲ ಕಿತ್ತು ನೆಟ್ಟಿದಾರೆ ಕಣೆ" ಅಂದ್ಲು. ತುದಿ ಹಳದಿ ಆಗಿತ್ತು, ಬೇರು ಹಿಡಿದೇ ಇರ್ಲಿಲ್ಲ, ಎರಡು ಬೆರಳಲ್ಲಿ ಎತ್ತಿದ್ರೆ ಹಾಗೇ ಬಂತು. ನಾವು ನಿಂತಿದ್ದು ಥೈಲ್ಯಾಂಡಿನ ಚಿಯಾಂಗ್ ಮಾಯ್ ಹತ್ರದ ಒಂದು ರೆಸಾರ್ಟ್‌ನಲ್ಲಿ, ಹೆಸರು ಬೇಡ ಬಿಡಿ. ಬುಕಿಂಗ್ ಮಾಡುವಾಗ "ಥಾಯ್ ರೈತರ ಬದುಕಿನ ಅನುಭವ" ಅಂತ ಬರೆದಿದ್ರು, ಅಲ್ಲಿ ನೋಡಿದ್ರೆ ಒಂದು ಸಣ್ಣ ಮಡಿ, ಪ್ರತಿದಿನ ಬೆಳಗ್ಗೆ ಗೆಸ್ಟ್‌ಗಳ ಕೈಲಿ ನಾಲ್ಕು ಸಸಿ ನೆಡಿಸಿ, ಫೋಟೋ ತೆಗೆದು, ಮಧ್ಯಾಹ್ನ ಅದನ್ನೇ ಕಿತ್ತು ಮಾರನೇ ದಿನದವ್ರಿಗೆ ಇಡೋದು. ನಲವತ್ತು ವರ್ಷ ನಾಟಿ ಮಾಡಿದ ಹೆಂಗಸಿನ ಕಣ್ಣಿಗೆ ಅದು ಒಂದೇ ನಿಮಿಷದಲ್ಲಿ ಗೊತ್ತಾಗೋಯ್ತು. ಅವಳು ಬೇಜಾರು ತೋರಿಸ್ಲಿಲ್ಲ, ಆ ಸಸಿನ ವಾಪಸ್ ಕೆಸರಲ್ಲಿ ಸರಿಯಾಗಿ ಊರಿ ಕೈ ತೊಳ್ಕೊಂಡು ಬಂದ್ಲು. ನನಗೆ ಮಾತ್ರ ಅವತ್ತು ರಾತ್ರಿ ನಿದ್ದೆ ಬರ್ಲಿಲ್ಲ, ಯಾಕಂದ್ರೆ ಇಡೀ ಟ್ರಿಪ್ ಅವಳಿಗೋಸ್ಕರನೇ ಪ್ಲ್ಯಾನ್ ಮಾಡಿದ್ದು.

ನಮ್ಮೂರು ತೀರ್ಥಹಳ್ಳಿ ಕಡೆ. ಅಮ್ಮನಿಗೆ ಈಗ 64. ಮನೆ ಗದ್ದೆ ಎಲ್ಲ ಅಡಿಕೆ ತೋಟ ಆಗಿ ಹನ್ನೆರಡು ವರ್ಷ ಆಯ್ತು, ಈಗ ಉಳಿದಿರೋದು ಹಳ್ಳದ ಪಕ್ಕ ಒಂದೇ ಒಂದು ತುಂಡು ಗದ್ದೆ, ಅದೂ ಬೀಳು. ಮೊದಲ ಸಲ ವಿದೇಶಕ್ಕೆ ಕರ್ಕೊಂಡು ಹೋಗೋದು ಅಂದಾಗ ನನ್ನ ಗಂಡ "ಅತ್ತೆಗೆ ಮಾಲ್ ತೋರಿಸಿ ಏನು ಮಾಡ್ತೀಯ, ಅವ್ರಿಗೆ ಗೊತ್ತಿರೋ ಜಗತ್ತಿನ ಇನ್ನೊಂದು ರೂಪ ತೋರಿಸು" ಅಂದ್ರು, ಅದು ನನಗೆ ತಟ್ಟನೆ ಹಿಡಿಸ್ತು. ಉತ್ತರ ಥೈಲ್ಯಾಂಡಿಗೆ ಲಾನ್ನಾ ಅಂತ ಹಳೇ ಹೆಸರು. ಲಾನ್ ಅಂದ್ರೆ ಹತ್ತು ಲಕ್ಷ, ನಾ ಅಂದ್ರೆ ಗದ್ದೆ, ಅಂದ್ರೆ ಹತ್ತು ಲಕ್ಷ ಗದ್ದೆಗಳ ನಾಡು. 1296ರಲ್ಲಿ ರಾಜ ಮಂಗ್ರಾಯ್ ಕಟ್ಟಿದ ಚಿಯಾಂಗ್ ಮಾಯ್ ಅದರ ರಾಜಧಾನಿ ಆಗಿತ್ತು. ಇದು ಓದಿದ ದಿನವೇ ಬೀಚ್ ಪ್ಲ್ಯಾನ್ ಕೈಬಿಟ್ಟೆ.

ಹೋಗಿದ್ದು 2025ರ ಆಗಸ್ಟ್ ಮೊದಲ ವಾರ. ಎಲ್ರೂ "ಮಳೇಲಿ ಯಾಕೆ" ಅಂದ್ರು. ಆದ್ರೆ ನಾಟಿ ನೋಡ್ಬೇಕು ಅಂದ್ರೆ ಜುಲೈ ಆಗಸ್ಟಲ್ಲೇ ಹೋಗ್ಬೇಕು, ಬೇರೆ ದಾರಿ ಇಲ್ಲ. ಫೆಬ್ರವರಿಯಿಂದ ಏಪ್ರಿಲ್ ತನಕ ಮಾತ್ರ ದಯವಿಟ್ಟು ಹೋಗ್ಬೇಡಿ, ಗದ್ದೆ ಕೂಳೆ ಮತ್ತೆ ಕಾಡಿಗೆ ಬೆಂಕಿ ಹಾಕಿ ಊರೆಲ್ಲ ಹೊಗೆ ತುಂಬಿರತ್ತೆ, ಎದುರಿಗಿರೋ ಬೆಟ್ಟ ಕೂಡ ಕಾಣಲ್ಲ. ಮಳೆಗಾಲದಲ್ಲಿ ರೇಟೂ ಕಮ್ಮಿ, ನಮಗೆ ಡಿಸೆಂಬರ್ ರೇಟಿಗಿಂತ ಸುಮಾರು ಮೂರನೇ ಒಂದು ಭಾಗ ಉಳೀತು. ಮಳೆ ನಮ್ಮ ಮಲೆನಾಡಿನ ಹಾಗೆ ದಿನಗಟ್ಟಲೆ ಹಿಡಿದು ಹೊಡೆಯಲ್ಲ, ನಾವಿದ್ದಷ್ಟು ದಿನ ಸಂಜೆ ಜೋರಾಗಿ ಒಂದು ಗಂಟೆ ಬಂದು ನಿಲ್ತಿತ್ತು. ಅಮ್ಮ "ಇದಾ ಮಳೆಗಾಲ?" ಅಂತ ಕೇಳಿದ್ಲು.

ದುಡ್ಡಿನ ವಿಷ್ಯದಲ್ಲಿ ಒಂದು ಮಾತು. ಅಲ್ಲಿನ ದೊಡ್ಡ ರೆಸಾರ್ಟ್‌ಗಳು ರೇಟ್ ಪಕ್ಕ ಎರಡು ಪ್ಲಸ್ ಗುರುತು ಹಾಕಿರ್ತಾರೆ, ಅದರರ್ಥ 10 ಪರ್ಸೆಂಟ್ ಸರ್ವಿಸ್ ಚಾರ್ಜ್ ಬೇರೆ, ಅದರ ಮೇಲೆ 7 ಪರ್ಸೆಂಟ್ ವ್ಯಾಟ್ ಬೇರೆ, ಅಂದ್ರೆ 10,000 ಬಾತ್ (ಅಲ್ಲಿನ ಹಣ) ಅಂತ ಕಂಡ ರೂಮ್ ಕೊನೆಗೆ 11,770 ಬಾತ್ ಆಗತ್ತೆ. ಊಟ ಮಸಾಜ್ ಬಿಲ್ಲಿಗೂ ಹೀಗೇ. ವೀಸಾ ನಮಗೆ ಬೇಕಾಗ್ಲಿಲ್ಲ, ಆದ್ರೆ 2025ರ ಮೇ 1ರಿಂದ ಡಿಜಿಟಲ್ ಅರೈವಲ್ ಕಾರ್ಡ್ ಕಡ್ಡಾಯ ಆಗಿದೆ, ತಲುಪೋಕೆ ಮುಂಚಿನ ಮೂರು ದಿನದೊಳಗೆ ಆನ್‌ಲೈನಲ್ಲಿ ತುಂಬಬೇಕು, ಅದು ಪೂರ್ತಿ ಫ್ರೀ, ಯಾರಾದ್ರೂ ದುಡ್ಡು ಕೇಳಿದ್ರೆ ಕೊಡ್ಬೇಡಿ. ಬ್ಯಾಂಕಾಕಲ್ಲಿ ಎರಡು ಏರ್‌ಪೋರ್ಟ್ ಇವೆ, ಸುವರ್ಣಭೂಮಿ ಮತ್ತು ಡಾನ್ ಮುವಾಂಗ್. ವಯಸ್ಸಾದವರ ಜೊತೆ ಹೋಗುವಾಗ, ನೀವು ಇಳಿಯೋದು ಸುವರ್ಣಭೂಮಿಯಲ್ಲಾದ್ರೆ ಚಿಯಾಂಗ್ ಮಾಯ್ ಫ್ಲೈಟೂ ಅಲ್ಲಿಂದಲೇ ಇರೋ ಹಾಗೆ ನೋಡ್ಕೊಳ್ಳಿ, ಇಲ್ಲಾಂದ್ರೆ ಏರ್‌ಪೋರ್ಟ್ ಬದಲಿಸ್ಬೇಕಾಗತ್ತೆ. ನಾವು ಹಾಗೇ ಮಾಡಿದ್ವಿ, ಒಳಗೆ ಸಮುದ್ರಮಥನದ ಆ ದೊಡ್ಡ ಶಿಲ್ಪ ಇದೆಯಲ್ಲ, ಅದರ ಮುಂದೆ ಅಮ್ಮ ಚಪ್ಪಲಿ ಬಿಟ್ಟು ಕೈ ಮುಗಿದು ನಿಂತಿದ್ಲು.

ಸರಿ, ಮೊದಲ ರೆಸಾರ್ಟಲ್ಲಿ ಎರಡೇ ರಾತ್ರಿ ಬುಕ್ ಆಗಿತ್ತು, ಅದು ನಮ್ಮ ಪುಣ್ಯ. ಉಳಿದ ನಾಲ್ಕು ರಾತ್ರಿಗೆ ಮೇ ರಿಮ್ ಕಣಿವೆ ಕಡೆ ಬೇರೆ ಜಾಗ ನೋಡಿದ್ದೆ, ಫೋರ್ ಸೀಸನ್ಸ್ ರೆಸಾರ್ಟ್ ಕೂಡ ಆ ಕಡೆನೇ ಇದೆ ಗದ್ದೆ ಕೋಣ ಎಲ್ಲ ಇಟ್ಕೊಂಡು, ಆದ್ರೆ ಅದು ನಮ್ಮ ಬಜೆಟ್ ಅಲ್ಲ. ನಾವು ಹೋಗಿದ್ದು ಹನ್ನೆರಡೇ ಕಾಟೇಜ್ ಇರೋ ಸಣ್ಣದು, ಸಾಗುವಾನಿ ಮರದ ಮನೆಗಳು, ಹಿಂದೆ ಹಳ್ಳ. ಅವತ್ತು ರಾತ್ರಿ ನಿದ್ದೆ ಬರದೆ ಇದ್ದಾಗ ಅವರಿಗೆ ಮೇಲ್ ಹಾಕ್ದೆ: ನಿಮ್ಮ ಗದ್ದೆ ಯಾರದ್ದು, ಅದರ ಅಕ್ಕಿ ಯಾರು ಉಣ್ತಾರೆ, ಕಲಿಸೋರು ಯಾರು, ಅವರಿಗೆ ಕೂಲಿ ಎಷ್ಟು ಕೊಡ್ತೀರ, ನಮ್ಮಮ್ಮ ನೆಟ್ಟ ಸಸಿ ಅಲ್ಲೇ ಬೆಳೆಯತ್ತಾ? ಬೆಳಗ್ಗೆ ಎಂಟಕ್ಕೆ ಉತ್ತರ ಬಂತು. ಗದ್ದೆ ನಮ್ಮದಲ್ಲ, ಪಕ್ಕದ ಊರಿನವರದ್ದು, ಇಡೀ ಅಕ್ಕಿ ಅವರೇ ಇಟ್ಕೋತಾರೆ, ಗೆಸ್ಟ್ ಬಂದ ದಿನ ಅವರಿಗೆ ಒಂದು ದಿನದ ಕೂಲಿಗಿಂತ ಜಾಸ್ತಿ ಕೊಡ್ತೀವಿ, ನಿಮ್ಮಮ್ಮ ತಪ್ಪಾಗಿ ನೆಟ್ರೆ ಮಾತ್ರ ಅವರು ಸರಿ ಮಾಡ್ತಾರೆ, ಅಂತ. ಈ ಒಂದು ಮೇಲ್‌ನ ಬುಕಿಂಗ್‌ಗೆ ಮೊದಲೇ ಎಲ್ಲರಿಗೂ ಹಾಕಿದ್ದಿದ್ರೆ ಮೊದಲ ಎರಡು ದಿನ ಉಳೀತಿತ್ತು. ನೀವು ಹಾಕಿ. ಸರಿಯಾದ ಜಾಗದವ್ರು ಇಂಥ ಪ್ರಶ್ನೆಗೆ ಖುಷಿಯಿಂದ ಉತ್ತರ ಕೊಡ್ತಾರೆ.

ಆ ಗದ್ದೆ ಒಡತಿನ ಎಲ್ರೂ "ಪಾ" ಅಂತ ಕರೀತಿದ್ರು, ಪಾ ಅಂದ್ರೆ ನಮ್ಮ ದೊಡ್ಡಮ್ಮ. ಅಮ್ಮನ ವಯಸ್ಸೇ ಇರ್ಬೇಕು. "ಸವಾದೀ ಚಾವ್" ಅಂತ ಕೈ ಮುಗಿದ್ರು. ಬ್ಯಾಂಕಾಕ್ ಕಡೆ ಹೆಂಗಸರು ಮಾತಿನ ಕೊನೆಗೆ ಖಾ ಅಂತಾರೆ, ಇಲ್ಲಿ ಚಾವ್ ಅಂತಾರೆ, ಇದು ಉತ್ತರದವರ ಸೊಗಡು. ಸವಾದೀ ಅನ್ನೋದು ನಮ್ಮ ಸ್ವಸ್ತಿ ಶಬ್ದದಿಂದ ಬಂದಿದ್ದು ಅಂತ ಹೇಳಿದ ಮೇಲೆ ಅಮ್ಮ ಸಿಕ್ಕಿದವರಿಗೆಲ್ಲ ಧೈರ್ಯವಾಗಿ ಅದನ್ನೇ ಹೇಳ್ತಿದ್ಲು.

ಗದ್ದೆ ಉತ್ತಿದ್ದು ಟಿಲ್ಲರಲ್ಲಿ. ಥಾಯ್‌ನಲ್ಲಿ ಅದಕ್ಕೆ ಖ್ವಾಯ್ ಲೆಕ್ ಅಂತಾರಂತೆ, ಕಬ್ಬಿಣದ ಕೋಣ. ಪಾ ಸಸಿ ಕಟ್ಟನ್ನ ಎತ್ತಿ ತನ್ನ ಕಾಲಿಗೆ ಪಟಪಟ ಬಡಿದು ಬೇರಿನ ಮಣ್ಣು ಉದುರಿಸಿ, ಆಮೇಲೆ ಕತ್ತಿ ತಗೊಂಡು ಎಲ್ಲ ಸಸಿಯ ತುದಿ ಒಂದೇ ಏಟಿಗೆ ಕತ್ತರಿಸಿ ಹಾಕಿದ್ರು. ಅಮ್ಮ ಗಾಬರಿ ಆದ್ಲು. "ಅಯ್ಯೋ ತುದಿ ಯಾಕೆ ಕಡಿತಾರೆ ಕೇಳೇ" ಅಂದ್ಲು. ಗೈಡ್ ಹುಡುಗ ಕೇಳಿ ಹೇಳ್ದ, ಸಸಿ ಉದ್ದ ಆಗಿಬಿಟ್ಟಿದೆ, ಹಾಗೇ ನೆಟ್ರೆ ಎಲೆ ಭಾರಕ್ಕೆ ಬಗ್ಗಿ ನೀರಿಗೆ ಬೀಳತ್ತೆ, ಗಾಳಿ ಬಂದ್ರೆ ಬೇರು ಅಲ್ಲಾಡತ್ತೆ, ಕಡಿದ್ರೆ ನೆಟ್ಟಗೆ ನಿಂತು ಬೇಗ ಬೇರು ಹಿಡಿಯತ್ತೆ. ಅಮ್ಮ ಸ್ವಲ್ಪ ಹೊತ್ತು ಯೋಚನೆ ಮಾಡಿ "ಹೌದು, ನಮ್ಮಲ್ಲಿ ತಡ ಆದ ವರ್ಷ ಸಸಿ ಮಲಗ್ತಿತ್ತು" ಅಂದ್ಲು. ಆಮೇಲೆ ಸೀರೆ ಎತ್ತಿ ಕಟ್ಟಿ ಇಳಿದೇಬಿಟ್ಲು. ಮಂಡಿ ನೋವಿದೆ ಅಂತ ನಾನು ಬೇಡ ಅಂತಿದ್ರೆ ಯಾರು ಕೇಳ್ತಾರೆ. ಹೆಬ್ಬೆರಳು ಎರಡು ಬೆರಳು ಸೇರಿಸಿ ಸಸಿ ಊರಿ, ಹಿಂದೆ ಹಿಂದೆ ಹೆಜ್ಜೆ ಇಡ್ತಾ, ತಲೆ ಎತ್ತದೆ ಹೋಗ್ತಾನೇ ಇದ್ಲು, ಪಕ್ಕದಲ್ಲಿ ಪಾ ಅದೇ ವೇಗದಲ್ಲಿ. ಮೊದಲ ಸಾಲು ಮುಗಿದಾಗ ಪಾ ನಿಂತು ಅಮ್ಮನ ಸಾಲು ನೋಡಿ, ಏನೂ ಹೇಳದೆ ಇನ್ನೊಂದು ಕಟ್ಟು ಸಸಿ ಎಸೆದ್ರು. ಬೆಳಗ್ಗೆ ಒಂದೂವರೆ ಗಂಟೆ ಹೊತ್ತು ಅಂತ ಇದ್ದ ಕಾರ್ಯಕ್ರಮ ಮಧ್ಯಾಹ್ನ ಹನ್ನೆರಡಾದ್ರೂ ಮುಗೀಲಿಲ್ಲ, ರೆಸಾರ್ಟಿನವ್ರು ಒಂದು ಮಾತೂ ಅನ್ಲಿಲ್ಲ.

ಊಟ ಪಾ ಮನೇಲಿ. ಅಲ್ಲಿ ಉಣ್ಣೋದು ಅಂಟು ಅನ್ನ, ಖಾವ್ ನಿಯಾವ್. ರಾತ್ರಿಯೇ ಅಕ್ಕಿ ನೆನೆಸಿ, ಬೆಳಗ್ಗೆ ಬುಟ್ಟಿಗೆ ಹಾಕಿ ಕಿರಿದಾದ ಬಾಯಿಯ ಪಾತ್ರೆ ಮೇಲೆ ಹಬೆಯಲ್ಲಿ ಬೇಯಿಸ್ತಾರೆ, ನಮ್ಮ ಕಡುಬು ಬೇಯಿಸೋ ಹಾಗೆ, ನೀರಲ್ಲಿ ಕುದಿಸೋದೇ ಇಲ್ಲ. ಮುಚ್ಚಳ ಇರೋ ಬಿದಿರು ಡಬ್ಬಿಯಲ್ಲಿಟ್ಟು ಕೈಯಲ್ಲಿ ಉಂಡೆ ಮಾಡಿ ಅದ್ದಿ ತಿನ್ನೋದು. ಪಕ್ಕದ ಪಾತ್ರೆಯಲ್ಲಿ ಇದ್ದಿದ್ದು ಕಳಲೆ! ಮಳೆಗಾಲ ಅಲ್ವಾ. ಅಮ್ಮ ಮೂರು ದಿನ ನೀರು ಬದಲಿಸ್ತಾ ನೆನೆಸ್ತಾಳೆ, ಪಾ ಎರಡು ಮೂರು ಸಲ ಕುದಿಸಿ ನೀರು ಚೆಲ್ತಾರೆ, ಎರಡೂ ಕಹಿ ಮತ್ತು ವಿಷ ತೆಗೆಯೋಕೆ. ಇಬ್ಬರೂ ಕೈ ಸನ್ನೆಯಲ್ಲೇ ಇದನ್ನ ಮಾತಾಡಿ ಮುಗಿಸಿದ್ರು, ಗೈಡ್ ಬೇಕೇ ಆಗ್ಲಿಲ್ಲ. ಹಿತ್ತಲಲ್ಲಿ ಮಜ್ಜಿಗೆಹುಲ್ಲು, ಅರಿಶಿನ, ಶಂಖಪುಷ್ಪ, ಕೆಸು, ಎಲ್ಲ ನಮ್ಮದೇ.

ಶ್ರಾವಣ ಆದ್ದರಿಂದ ಅಮ್ಮ ಮೀನು ಮಾಂಸ ಮುಟ್ಟಲ್ಲ. ಇಲ್ಲಿ ಎಚ್ಚರ ಬೇಕು. "ವೆಜ್" ಅಂತ ಹೇಳಿದ್ರೆ ಸಾಕಾಗಲ್ಲ, ಮಾಂಸ ತೆಗೆದು ಮೀನಿನ ಸಾಸ್, ಅಂದ್ರೆ ನಾಮ್ ಪ್ಲಾ, ಹಾಕೇ ಹಾಕ್ತಾರೆ, ಕರಿ ಪೇಸ್ಟ್‌ನಲ್ಲಿ ಸಿಗಡಿ ಪೇಸ್ಟ್ ಇರತ್ತೆ, ಪಪ್ಪಾಯಿ ಸಲಾಡಲ್ಲಿ ಒಣ ಸಿಗಡಿ. ಮೊದಲ ರೆಸಾರ್ಟಲ್ಲಿ ಹಾಗೇ ಆಗಿ ಅಮ್ಮ ಬರೀ ಹಣ್ಣು ತಿಂದು ಮಲಗಿದ್ಲು, ಅದು ಇವತ್ತಿಗೂ ನನಗೆ ನೋವು. ಹೇಳ್ಬೇಕಾದ ಪದ "ಜೇ". ಚೀನೀ ಬೌದ್ಧರ ಪದ್ಧತಿಯ ಆಹಾರ ಅದು, ಮೀನು ಮೊಟ್ಟೆ ಅಷ್ಟೇ ಅಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ಇರಲ್ಲ, ಹೋಟೆಲ್ ಮುಂದೆ ಹಳದಿ ಬಾವುಟದಲ್ಲಿ ಕೆಂಪಕ್ಷರ ಕಂಡ್ರೆ ನಿಶ್ಚಿಂತೆಯಿಂದ ಒಳಗೆ ಹೋಗಿ. ಎರಡನೇ ಜಾಗದ ಅಡುಗೆಯವರಿಗೆ ಜೇ ಅಂದಿದ್ದೇ ತಡ, ನಾಲ್ಕು ದಿನವೂ ಅಮ್ಮನಿಗೆ ಬೇರೆ ಒರಳಲ್ಲಿ ಕುಟ್ಟಿದ ಮಸಾಲೆ.

ಮಸಾಜ್ ಬಗ್ಗೆ ಜಾಸ್ತಿ ಹೇಳಲ್ಲ, ಎಲ್ಲರಿಗೂ ಗೊತ್ತಿರೋದೇ, 2019ರಲ್ಲಿ ಯುನೆಸ್ಕೋ ಪಟ್ಟಿಗೂ ಸೇರಿದೆ. ಆದ್ರೆ ಅಮ್ಮನ ಮಂಡಿಗೆ ಎಣ್ಣೆ ಮಸಾಜ್‌ಗಿಂತ ಒಳ್ಳೇದಾಗಿದ್ದು ಲೂಕ್ ಪ್ರಕೋಪ್, ಬಟ್ಟೆ ಗಂಟಿನೊಳಗೆ ಅರಿಶಿನ, ಶುಂಠಿ ಜಾತಿಯ ಒಂದು ಗೆಡ್ಡೆ, ಮಜ್ಜಿಗೆಹುಲ್ಲು, ಕರ್ಪೂರ ಎಲ್ಲ ಕಟ್ಟಿ ಹಬೆಯಲ್ಲಿ ಬಿಸಿ ಮಾಡಿ ಒತ್ತೋದು. ವಯಸ್ಸಾದವ್ರಿದ್ರೆ ಅದನ್ನೇ ಕೇಳಿ.

ಆನೆ ವಿಷ್ಯ ಮಾತ್ರ ಬಿಡೋ ಹಾಗಿಲ್ಲ. ಮೊದಲ ಪ್ಯಾಕೇಜಲ್ಲಿ "ಆನೆ ಸ್ನಾನ" ಸೇರಿತ್ತು, ಅದನ್ನ ಕ್ಯಾನ್ಸಲ್ ಮಾಡ್ಸಿದ್ವಿ, ದುಡ್ಡು ವಾಪಸ್ ಬರ್ಲಿಲ್ಲ, ಪರವಾಗಿಲ್ಲ. 1989ರಲ್ಲಿ ಥೈಲ್ಯಾಂಡಲ್ಲಿ ಕಾಡಿನ ಮರ ಕಡಿಯೋದು ನಿಷೇಧ ಆದಾಗ ದಿಮ್ಮಿ ಎಳೀತಿದ್ದ ಆನೆಗಳಿಗೂ ಮಾವುತರಿಗೂ ಕೆಲಸ ಹೋಯ್ತು, ಹಾಗೆ ಎಷ್ಟೋ ಆನೆಗಳು ಟೂರಿಸಂಗೆ ಬಂದ್ವು. ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಹೋಗುವಾಗೆಲ್ಲ ಸಕ್ರೆಬೈಲು ಆನೆ ಬಿಡಾರ ನೋಡಿ ಬೆಳೆದವಳು ನಾನು, ಮಾವುತರ ಮೇಲೆ ನನಗೆ ಗೌರವ ಇದೆ, ಆದ್ರೆ ದಿನಕ್ಕೆ ಐದಾರು ಗುಂಪು ಜನ ಒಂದೇ ಆನೆಗೆ ನೀರು ಎರಚೋದು ಅದಕ್ಕೆ ಹಿಂಸೆ. ದೂರದಿಂದ ನೋಡೋಕೆ ಮಾತ್ರ ಬಿಡೋ ಜಾಗಕ್ಕೆ ಹೋದ್ವಿ, ಮುಟ್ಟೋ ಹಾಗಿಲ್ಲ, ಎರಡು ಆನೆ ಬಿದಿರು ಮುರ್ಕೊಂಡು ತಿಂತಿದ್ವು, ಒಂದು ಗಂಟೆ ಸುಮ್ಮನೆ ಕೂತು ನೋಡಿದ್ವಿ.

ದೋಯ್ ಇಂತನಾನ್, 2,565 ಮೀಟರ್, ದೇಶದ ಅತಿ ಎತ್ತರದ ಬೆಟ್ಟ, ಅಲ್ಲೂ ಹೋಗಿ ಬಂದ್ವಿ. ಕ್ಯೂ ಮೇ ಪಾನ್ ಟ್ರೇಲ್ ಮಳೆಗಾಲದಲ್ಲಿ ಮುಚ್ಚಿರತ್ತೆ. ಮೇಲಿನ ಆಂಗ್ ಕಾ ಅನ್ನೋ ಮರದ ಹಲಗೆ ದಾರಿ ಸಣ್ಣದು, ಅಮ್ಮ ಆರಾಮಾಗಿ ನಡೆದ್ಲು, ಮರಕ್ಕೆಲ್ಲ ಪಾಚಿ ಕಟ್ಟಿ ಕುದುರೆಮುಖದ ಶೋಲಾ ಒಳಗೆ ಹೊಕ್ಕ ಹಾಗಿತ್ತು.

ಅಮ್ಮನಿಗೆ ಇಷ್ಟ ಆಗಿದ್ದು ಪಾ ಊರಿನ ಪುಟ್ಟ ಬೌದ್ಧ ದೇವಸ್ಥಾನ. ಭಿಕ್ಷುಗಳು ಮಳೆಗಾಲದ ಮೂರು ತಿಂಗಳು ಒಂದೇ ಕಡೆ ತಂಗಿರ್ತಾರೆ, ಫನ್ಸಾ ಅಂತ, ಅಂದ್ರೆ ವರ್ಷ, ಮಳೆಗಾಲ. "ಚಾತುರ್ಮಾಸ್ಯ" ಅಂದ್ಲು ಅಮ್ಮ ತಕ್ಷಣ. ಬೆಳಗಿನ ಜಾವ ಪಾ ಜೊತೆ ಮಂಡಿಯೂರಿ ಕೂತು ಭಿಕ್ಷಾಪಾತ್ರೆಗೆ ಅಂಟು ಅನ್ನ ಹಾಕಿದ್ಲು. ಹೆಂಗಸರು ಭಿಕ್ಷುಗಳನ್ನ ಮುಟ್ಟಬಾರದು, ಭುಜ ಮುಚ್ಚಿರ್ಬೇಕು, ಇಷ್ಟು ನೆನಪಿರಲಿ.

ಅಲ್ಲಿಂದ ವಾಪಸ್ ಬರುವಾಗ ಗದ್ದೆ ಮೂಲೆಯಲ್ಲಿ ಬಿದಿರು ಪಟ್ಟಿಯಲ್ಲಿ ನಕ್ಷತ್ರದ ಹಾಗೆ ಹೆಣೆದಿದ್ದು ಕಂಡಿತು. ತಾ ಲೇವ್ ಅಂತಾರೆ, ಕೆಟ್ಟದ್ದು ಒಳಗೆ ಬರದೆ ಇರಲಿ ಅಂತ. ಥಾಯ್ ಜನರ ಭತ್ತದ ದೇವತೆ ಮೇ ಫೋಸೋಪ್, ಭತ್ತ ಹೊಡೆ ಕಟ್ಟಿದಾಗ, ಅಂದ್ರೆ ತೆನೆ ಇನ್ನೂ ಒಳಗೇ ಇರುವಾಗ, ಆಕೆ ಬಸುರಿ ಅಂತ ಲೆಕ್ಕ, ಹುಳಿ ಹಣ್ಣು, ಬಾಚಣಿಗೆ, ಕನ್ನಡಿ, ಪೌಡರ್ ಇಟ್ಟು ಪೂಜೆ ಮಾಡ್ತಾರೆ ಅಂತ ಗೈಡ್ ಹೇಳ್ತಿದ್ದ ಹಾಗೆ ಅಮ್ಮ ನನ್ನ ಕೈ ಗಟ್ಟಿಯಾಗಿ ಹಿಡ್ಕೊಂಡು "ಭೂಮಿ ಹುಣ್ಣಿಮೆ ಕಣೇ ಇದು, ಬಯಕೆ ಊಟ!" ಅಂದ್ಲು. ನಮ್ಮಲ್ಲೂ ಅದೇ ಅಲ್ವಾ, ಬಸುರಿ ಭೂಮಿಗೆ ರಾತ್ರಿಯೆಲ್ಲ ಬೆರಕೆಸೊಪ್ಪು ಬೇಯಿಸಿ ಬೆಳಗಿನ ಜಾವ ಗದ್ದೆಗೆ ಚರಗ ಚೆಲ್ಲೋದು. ಅದನ್ನ ಪಾಗೆ ತಿಳಿಸೋಕೆ ಗೈಡ್‌ಗೆ ಹತ್ತು ನಿಮಿಷ ಹಿಡೀತು. ಪಾ ಮನೆಗೆ ಕರ್ಕೊಂಡು ಹೋಗಿ ಬಿದಿರು ಸೀಳಿ ತಾ ಲೇವ್ ಹೆಣೆಯೋದು ಕಲಿಸಿದ್ರು, ಆರು ಪಟ್ಟಿ, ಒಂದರ ಮೇಲೆ ಒಂದರ ಕೆಳಗೆ, ಅಮ್ಮ ಮೂರು ಸಲ ಬಿಚ್ಚಿ ನಾಲ್ಕನೇ ಸಲಕ್ಕೆ ಕಲಿತ್ಲು.

ಅಕ್ಟೋಬರಲ್ಲಿ ಭೂಮಿ ಹುಣ್ಣಿಮೆಗೆ ನಾನೂ ಊರಿಗೆ ಹೋಗಿದ್ದೆ. ಅಮ್ಮ ಮನೆ ಹಿಂದಿನ ಬಿದಿರಲ್ಲೇ ಹೆಣೆದು, ಚರಗ ಚೆಲ್ಲಿ ಆದ್ಮೇಲೆ ಹಳ್ಳದ ಪಕ್ಕದ ಆ ಬೀಳುಗದ್ದೆ ಮೂಲೆಯಲ್ಲಿ ಊರಿದ್ಲು. ಫೋಟೋ ತೆಗೆದು ಗೈಡ್‌ಗೆ ಕಳಿಸ್ದೆ. ಸಂಜೆ ಹೊತ್ತಿಗೆ ಅವನು ಪಾ ಗದ್ದೆ ಫೋಟೋ ಕಳಿಸಿದ್ದ, ಹೊಡೆ ಒಡೆದು ತೆನೆ ಇಣುಕ್ತಿತ್ತು. ಅಮ್ಮ ಕನ್ನಡಕ ಹಾಕ್ಕೊಂಡು ಫೋಟೋನ ದೊಡ್ಡದು ಮಾಡಿ ಮಾಡಿ ನೋಡಿ, "ನಾನು ನೆಟ್ಟಿದ್ದು ಯಾವ ಸಾಲು ಅಂತ ಕೇಳೇ" ಅಂದ್ಲು.