ಎರಡು ಸಲ ಒತ್ತಿದರೆ ಮಾತ್ರ ಬೀಳುತ್ತಿದ್ದ ಗೇರ್

ಎಂಜಿನ್ ಆಫ್ ಇದ್ದಾಗ ಟ್ರಕ್ಕಿನ ಎಲ್ಲ ಗೇರೂ ಸಲೀಸಾಗಿ ಬೀಳುತ್ತಿತ್ತು. ಸ್ಟಾರ್ಟ್ ಮಾಡಿ ರಿವರ್ಸ್‌ಗೆ ಎಳೆದರೆ ಕರಕರ. ಕ್ಲಚ್ ಪೆಡಲನ್ನು ಎರಡು ಸಲ ಪಂಪ್ ಮಾಡಿದರೆ ಮಾತ್ರ ತೆಪ್ಪಗೆ ಕೂರುತ್ತಿತ್ತು. ಗೇರ್‌ಬಾಕ್ಸ್ ಇಳಿಸೋಣ ಎಂದ ಜೊತೆಗಿದ್ದ ಹುಡುಗ. ನಾನು ಬೇಡವೆಂದೆ. ಪಂಪ್ ಮಾಡಿದಾಗ ಸರಿಹೋಗುವ ಕಾಯಿಲೆ ಸಾಮಾನ್ಯವಾಗಿ ಕ್ಲಚ್ ಪ್ಲೇಟಿನಲ್ಲಿ ಇರುವುದಿಲ್ಲ, ಪೆಡಲಿನ ಒತ್ತನ್ನು ಕ್ಲಚ್‌ಗೆ ಮುಟ್ಟಿಸುವ ಆಯಿಲ್ ಹೋಗುವ ದಾರಿಯಲ್ಲಿರುತ್ತದೆ.

ಮೇಲಿನ ಡಬ್ಬಿಯಲ್ಲಿ ಆ ಆಯಿಲ್ (ಬ್ರೇಕ್‌ಗೆ ಹಾಕುವಂಥದ್ದೇ) ಎರಡು ಬೆರಳು ಇಳಿದಿತ್ತು. ಪೆಡಲನ್ನು ಒಂದು ನಿಮಿಷ ಒತ್ತಿ ಹಿಡಿದೆ. ನಿಧಾನಕ್ಕೆ ಕುಸಿಯಲಿಲ್ಲ, ಅಂದರೆ ಪೆಡಲ್ ಕಡೆಯಿಂದ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರ್‌ನ ಕಪ್ (ರಬ್ಬರ್ ಸೀಲ್) ಬಹುತೇಕ ಚೆನ್ನಾಗಿದೆ. ಕೆಳಗೆ ಮಲಗಿ, ಆ ಆಯಿಲ್ ಒತ್ತಡದಿಂದ ಕ್ಲಚ್ ಬಿಡಿಸುವ ಸ್ಲೇವ್ ಸಿಲಿಂಡರ್‌ನ ರಬ್ಬರ್ ಬೂಟ್ ಅಂಚನ್ನು ಉಗುರಿನಿಂದ ಎತ್ತಿದೆ. ಕಪ್ಪು ಆಯಿಲ್ ಮೊಣಕೈವರೆಗೆ ಹರಿದು ಬಂತು. ಕಳ್ಳ ಸಿಕ್ಕ. ಒಳಗೋಡೆಯಲ್ಲಿ ಗೀರು ಬಿದ್ದಿತ್ತು, ಹಾಗಾಗಿ ಬರೀ ರಬ್ಬರ್ ಸೀಲ್‌ಗಳ ಕಿಟ್ ಹಾಕದೆ ಸ್ಲೇವ್ ಪೂರ್ತಿ ಬದಲಿಸಿದೆ.

ನಿಜವಾದ ಗೋಳು ಆಯಿಲ್‌ನಲ್ಲಿ ಸೇರಿದ ಏರ್ ತೆಗೆಯುವಾಗ. ಹುಡುಗ ಪೆಡಲ್ ಒತ್ತಿ ಹಿಡಿಯುವುದು, ನಾನು ಸ್ಲೇವ್‌ನಲ್ಲಿ ಗಾಳಿ ಬಿಡುವ ನಿಪ್ಪಲ್ ಸಡಿಲಿಸಿ ಮತ್ತೆ ಬಿಗಿದ ಮೇಲೆ "ಬಿಡು" ಅನ್ನುವುದು. ಮೊದಮೊದಲು ನನ್ನ ಮಾತಿಗೆ ಮುಂಚೆಯೇ ಕಾಲೆತ್ತಿಬಿಟ್ಟ. ನಿಪ್ಪಲಿಂದಲೇ ಗಾಳಿ ಒಳಗೆಳೆಯಿತು. ಅದು ಸರಿಹೋದ ಮೇಲೂ, ನಿಪ್ಪಲಿಗೆ ಸಿಕ್ಕಿಸಿದ ಪೈಪಿನಲ್ಲಿ ಒಂದು ಗುಳ್ಳೆ ಇಲ್ಲದಿದ್ದರೂ, ಪೆಡಲ್ ಮೆತ್ತಗೇ ಇತ್ತು.

ಯೋಚಿಸಿದರೆ, ಮಾಸ್ಟರ್‌ನಿಂದ ಸ್ಲೇವ್‌ಗೆ ಹೋಗುವ ಆಯಿಲ್ ಲೈನ್ ಮಾಸ್ಟರ್ ಹತ್ತಿರ ಮೇಲಕ್ಕೆ ಬಾಗಿ ಇಳಿಯುತ್ತದೆ. ಗಾಳಿ ಆ ಗೂನಿನಲ್ಲಿ ಕೂತಿತ್ತು. ಒಂದು ಸಲ ಒತ್ತಿದಾಗ ಕೆಳಗೆ ಸರಿಯುವ ಆಯಿಲ್ ಅಷ್ಟಿಷ್ಟೇ, ಗುಳ್ಳೆ ನಿಪ್ಪಲ್ ಮುಟ್ಟುವ ಮೊದಲೇ ವಾಪಸ್ ಏರುತ್ತದೆ. ಹಾಗಾದರೆ ಮೇಲಕ್ಕೇ ಕಳಿಸೋಣ ಎಂದು ನಿಪ್ಪಲ್ ಮುಚ್ಚಿ, ಡಬ್ಬಿ ಅರ್ಧ ಖಾಲಿ ಮಾಡಿ (ಬ್ರೇಕ್ ಆಯಿಲ್ ಉಕ್ಕಿದರೆ ಪೇಂಟ್ ಎದ್ದುಬರುತ್ತದೆ), ಸ್ಲೇವ್‌ನ ರಾಡನ್ನು ಸಣ್ಣ ಪ್ರೈ ಬಾರ್‌ನಿಂದ ನಿಧಾನಕ್ಕೆ ಒಳಗೆ ತಳ್ಳಿದೆ. ಮೇಲಿಂದ ಹುಡುಗ ಕೂಗಿದ: "ಬಂತು, ಬುಳಬುಳ ಅಂತಿದೆ!" ನಾಲ್ಕೈದು ಸಲ ತಳ್ಳಿದ ಮೇಲೆ ನಿಂತಿತು.

ಹಿಡಿದಿಟ್ಟ ಆಯಿಲನ್ನು ಸೋಸಿ ಹಾಕೋಣವೇ ಎಂದ. ಅದು ತೇವ ಹೀರುವ ಆಯಿಲ್ ಮಾರಾಯ. ಡಾಟ್ 4 ದರ್ಜೆಯ ಬ್ರೇಕ್ ಆಯಿಲ್‌ಗೆ ಹೊಸದರಲ್ಲಿ ಕನಿಷ್ಠ 230 ಡಿಗ್ರಿ ಇರಬೇಕಾದ ಕುದಿಬಿಂದು ನೀರು ಸೇರಿದರೆ 155ರವರೆಗೂ ಇಳಿಯಬಹುದು. ಹೊಸ ಬಾಟಲಿ ಒಡೆದೆ.

ಮರುದಿನ ಬೆಳಿಗ್ಗೆ ಪಂಪ್ ಮಾಡದೆ ಒಮ್ಮೆ ಒತ್ತಿದೆ, ರಿವರ್ಸ್ ಸದ್ದಿಲ್ಲದೆ ಬಿತ್ತು. ಆದರೂ ಕೆಳಗೆ ಮಲಗಿ ಬೂಟ್ ಎತ್ತಿ ಬೆರಳಾಡಿಸಿದೆ. ಒಣಗಿತ್ತು.