ಹೊನ್ನಾವರದ ಮುತ್ತಿಗೆಗೆ ಬಣ್ಣ ಹಚ್ಚುವ ಮುನ್ನ

ಕಾರವಾರದಲ್ಲಿದ್ದುಕೊಂಡು 18ನೇ ಶತಮಾನದ ಕಾಲಾಳುಗಳ ಪುಟ್ಟ ಗೊಂಬೆಗಳಿಗೆ, ಎಂದರೆ ಮೇಜಿನ ಮೇಲೆ ಯುದ್ಧದಾಟ ಆಡುವ ಮಿನಿಯೇಚರ್‌ಗಳಿಗೆ ಬಣ್ಣ ಹಚ್ಚುವ ನನಗೆ, ಯಾವ ಯುದ್ಧವನ್ನು ಆಟದ ಮೇಜಿಗೆ ತರಬೇಕೆಂದು ಹೆಚ್ಚು ಯೋಚಿಸಬೇಕಾಗಲಿಲ್ಲ. 1783ರ ಜನವರಿಯಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಮುಂಬಯಿ ಸೈನ್ಯ ಜನರಲ್ ರಿಚರ್ಡ್ ಮ್ಯಾಥ್ಯೂಸನ ನಾಯಕತ್ವದಲ್ಲಿ ಹೊನ್ನಾವರದ ಕೋಟೆಯನ್ನು ಹಿಡಿದು, ಘಟ್ಟ ಹತ್ತಿ ಬಿದನೂರನ್ನು ವಶಪಡಿಸಿಕೊಂಡು, ಕೆಲವೇ ತಿಂಗಳಲ್ಲಿ ಅಲ್ಲಿಯೇ ಟಿಪ್ಪುವಿಗೆ ಶರಣಾಯಿತು. ಹೊನ್ನಾವರದ ಕೋಟೆಯೊಳಗೆ ಉಳಿದ ಕ್ಯಾಪ್ಟನ್ ಟೋರಿಯಾನೋನ ಸಣ್ಣ ಪಡೆ ಮಾತ್ರ 1784ರ ಮಂಗಳೂರು ಒಪ್ಪಂದದವರೆಗೂ ಮೈಸೂರಿನ ಮುತ್ತಿಗೆಯನ್ನು ತಡೆದುಕೊಂಡು ನಿಂತಿತು. ಶರಾವತಿಯ ಅಳಿವೆಯ ದಡದಲ್ಲಿ ನಡೆದ ಈ ಮುತ್ತಿಗೆ ಯೂರೋಪಿನ ಹೆಸರಾಂತ ಕದನಗಳಷ್ಟೇ ಶ್ರದ್ಧೆಗೆ ಅರ್ಹವೆಂಬುದು ನನ್ನ ನಂಬಿಕೆ.

ಸಮವಸ್ತ್ರದ ಹುಡುಕಾಟದಲ್ಲಿ ನಾನು ಪಾಲಿಸಿಕೊಂಡು ಬಂದಿರುವ ಕ್ರಮ ಸರಳವಾದದ್ದು. ಮೊದಲು ವರ್ಷ, ಆಮೇಲೆ ದಳ, ಆಮೇಲೆ ಸ್ಥಳ. ಈ ಮೂರೂ ನಿಶ್ಚಯವಾಗುವವರೆಗೆ ಬಣ್ಣದ ಶೀಶೆ ತೆರೆಯುವುದಿಲ್ಲ. ಘಟನೆಗಳ ಕಾಲಕ್ರಮಕ್ಕೆ 1883ರಲ್ಲಿ ಪ್ರಕಟವಾದ ಮುಂಬಯಿ ಪ್ರಾಂತದ ಗ್ಯಾಝೆಟಿಯರಿನ ಕೆನರಾ ಸಂಪುಟ ಇಂದಿಗೂ ಒಳ್ಳೆಯ ಆಧಾರ, ಮತ್ತು ಅದು ಅಂತರ್ಜಾಲದಲ್ಲಿ ಉಚಿತವಾಗಿ ಓದಲು ಸಿಗುತ್ತದೆ. ಬಟ್ಟೆಬರೆಯ ವಿಷಯಕ್ಕೆ ಬಂದಾಗ, ಕಂಡವರು ಆ ಕಾಲದಲ್ಲೇ ಬರೆದ ಅಥವಾ ಚಿತ್ರಿಸಿದ ದಾಖಲೆಗೆ ಮೊದಲ ಸ್ಥಾನ, ಉಳಿದುಬಂದ ನಿಜವಾದ ಉಡುಪಿಗೆ ಅದರ ಜೊತೆಯ ಸ್ಥಾನ, ಸರ್ಕಾರಿ ಆಜ್ಞೆಗಳಿಗೆ ಅದರ ನಂತರದ ಸ್ಥಾನ ಕೊಡುತ್ತೇನೆ. ನೂರು ವರ್ಷ ಕಳೆದ ಮೇಲೆ ಯಾರೋ ಬರೆದ ವರ್ಣಚಿತ್ರಗಳನ್ನೂ ಮಿನಿಯೇಚರ್ ಪೆಟ್ಟಿಗೆಯ ಮೇಲಿನ ಚಿತ್ರಗಳನ್ನೂ ಕಟ್ಟಕಡೆಗೆ ನೋಡುತ್ತೇನೆ, ಏಕೆಂದರೆ ಅವುಗಳಲ್ಲಿ ಹೆಚ್ಚಿನವು ಒಂದನ್ನೊಂದು ನೋಡಿ ಬರೆದವು.

ವರ್ಷಕ್ಕೆ ಇಷ್ಟೊಂದು ಮಹತ್ವ ಏಕೆ ಎಂಬುದಕ್ಕೆ ಮೈಸೂರಿನ ಸೈನಿಕರೇ ಉದಾಹರಣೆ. ಟಿಪ್ಪುವಿನ ಕಾಲಾಳು ಎಂದೊಡನೆ ಎಲ್ಲರ ಕಣ್ಣಿಗೆ ಬರುವುದು ಹುಲಿ ಅಂಗಿ: ನೇರಳೆ ಬಣ್ಣದ ಬಟ್ಟೆಯ ಮೇಲೆ ಬಿಳಿಯ ವಜ್ರಾಕೃತಿಯ ಗುರುತುಗಳು, ಕೆಂಪು ಮುಂಡಾಸು, ಅದೇ ಬಣ್ಣದ ನಡುಕಟ್ಟು, ಬರಿಗಾಲಿಗೆ ಚಪ್ಪಲಿ. ಇದಕ್ಕೆ ಆಧಾರಗಳು ಗಟ್ಟಿಯಾಗಿಯೇ ಇವೆ. 1791-92ರಲ್ಲಿ ಗವರ್ನರ್ ಜನರಲ್ ಕಾರ್ನ್‌ವಾಲಿಸನ ಸೈನ್ಯದೊಡನೆ ಬಂದ ಚಿತ್ರಕಾರ ರಾಬರ್ಟ್ ಹೋಮ್ ಮೈಸೂರಿನ ಜನರನ್ನು ಕಣ್ಣಾರೆ ಕಂಡು ಚಿತ್ರಿಸಿದನು. ಫಿರಂಗಿದಳದ ಅಧಿಕಾರಿ ಚಾರ್ಲ್ಸ್ ಗೋಲ್ಡ್ ಅದೇ ದಶಕದಲ್ಲಿ ಬರೆದ, 1806ರಲ್ಲಿ ಅಚ್ಚಾದ ಚಿತ್ರಗಳಲ್ಲಿ ಟಿಪ್ಪುವಿನ ಕಾಲಾಳು ಸಿಪಾಯಿಯೂ ಇದ್ದಾನೆ. ಆದರೆ ಈ ಆಧಾರಗಳೆಲ್ಲ 1790ರ ದಶಕಕ್ಕೆ ಸೇರಿದವು. ಹೈದರಾಲಿ ತೀರಿಕೊಂಡದ್ದು 1782ರ ಡಿಸೆಂಬರ್ 7ರಂದು. ಮುಂದಿನ ತಿಂಗಳೇ ಹೊನ್ನಾವರದ ಕೋಟೆಯ ಮೇಲೆ ದಾಳಿಯಾಯಿತು. ಹೊಸ ಸುಲ್ತಾನನ ಹುಲಿ ಲಾಂಛನ ಅಷ್ಟರೊಳಗೆ ಕರಾವಳಿಯ ಕಾವಲುಪಡೆಯ ಮೈಮೇಲೆ ಬಂದಿತ್ತೆಂದು ಭಾವಿಸುವುದು ನನಗೆ ಸಾಧ್ಯವಾಗಲಿಲ್ಲ. ಆದುದರಿಂದ ಆ ಜನವರಿಯಲ್ಲಿ ಹೊನ್ನಾವರದ ಕೋಟೆ ಕಾಯುತ್ತಿದ್ದ ನನ್ನ ಮೈಸೂರಿನವರು ಹೈದರನ ಕಾಲದ ಸೈನಿಕರು: ಬಿಳಿಯ ಮತ್ತು ಮಾಸಿದ ಬಣ್ಣಗಳ ಹತ್ತಿಯ ಅಂಗಿಗಳು, ಒಬ್ಬೊಬ್ಬನಿಗೆ ಒಂದೊಂದು ಬಗೆಯ ಮುಂಡಾಸು. ಮೇಜಿನ ಮೇಲೆ ಹುಲಿ ಅಂಗಿಯ ಸಾಲು ಎಷ್ಟು ಸೊಗಸಾಗಿ ಕಾಣುತ್ತದೆಂಬುದನ್ನು ಬಲ್ಲೆ. ಆದರೂ ಅದನ್ನು 1792 ಮತ್ತು 1799ರ ಶ್ರೀರಂಗಪಟ್ಟಣಕ್ಕೆಂದು ಎತ್ತಿಟ್ಟಿದ್ದೇನೆ.

ದಳದ ಗುರುತಿನಲ್ಲಿ ಇನ್ನೊಂದು ತೊಡಕಿದೆ. ಬ್ರಿಟಿಷ್ ರೆಜಿಮೆಂಟುಗಳ ಕೆಂಪು ಕೋಟಿನ ಕಾಲರು, ತೋಳಿನ ಮಡಿಕೆ ಮತ್ತು ಎದೆಯ ಪಟ್ಟಿಗಳ ಬಣ್ಣವನ್ನು ಫೇಸಿಂಗ್ ಎನ್ನುತ್ತಾರೆ. ಯಾವ ರೆಜಿಮೆಂಟಿಗೆ ಯಾವ ಬಣ್ಣ, ಎಂಥ ಗುಂಡಿ, ಎಂಥ ಅಂಚುಪಟ್ಟಿ ಎಂಬುದನ್ನು 1768ರ ರಾಜಾಜ್ಞೆ ಗೊತ್ತುಮಾಡಿತ್ತು. ಕೇವಲ ಸಂಖ್ಯೆಯನ್ನು ನಂಬಿ ಬಣ್ಣ ಹಚ್ಚಿದರೆ ಮಾತ್ರ ತಪ್ಪಾಗುತ್ತದೆ. 1780ರಲ್ಲಿ ಹೈದರ್ ಮತ್ತು ಟಿಪ್ಪು ಗೆದ್ದ ಪೊಳ್ಳಿಲೂರು ಕದನದಲ್ಲಿ ಕಂಪನಿಯ ಕರ್ನಲ್ ಬೈಲಿಯ ಕೈಕೆಳಗೆ ಹೋರಾಡಿದ 73ನೇ ಹೈಲ್ಯಾಂಡರುಗಳ ಫೇಸಿಂಗ್ ತಿಳಿ ಕಂದುಹಳದಿ. ಆ ರೆಜಿಮೆಂಟು 1786ರಲ್ಲಿ 71ನೆಯದಾಯಿತು. ಅದೇ ವರ್ಷ 73 ಎಂಬ ಸಂಖ್ಯೆ ದೊರೆತದ್ದು, ಮಂಗಳೂರಿನ ಮುತ್ತಿಗೆಯಲ್ಲಿ ಕರ್ನಲ್ ಕ್ಯಾಂಪ್‌ಬೆಲ್ಲನ ಕೈಕೆಳಗೆ ನಿಂತಿದ್ದ 42ನೇ ರೆಜಿಮೆಂಟಿನ ಎರಡನೇ ಬೆಟಾಲಿಯನ್ನಿಗೆ. ಅದು ಮಂಗಳೂರಿನಲ್ಲಿದ್ದಾಗ ರಾಜಮನೆತನದ ರೆಜಿಮೆಂಟಿಗೆ ಸಲ್ಲುವ ನೀಲಿಯನ್ನು ಧರಿಸುತ್ತಿತ್ತು, ಹೊಸ ಸಂಖ್ಯೆಯೊಡನೆ ಗಾಢ ಹಸಿರಿಗೆ ಬದಲಾಯಿತು. ಎಂದರೆ 73 ಎಂಬ ಒಂದೇ ಸಂಖ್ಯೆಗೆ ಆರೇಳು ವರ್ಷಗಳ ಅಂತರದಲ್ಲಿ ಎರಡು ಬೇರೆ ಬೇರೆ ಬಣ್ಣಗಳಿವೆ.

ಕೋಟೆಯೊಳಗಿದ್ದ ಟೋರಿಯಾನೋನ ಪಡೆಯಲ್ಲಿ ಹೆಚ್ಚಿನವರು ಮುಂಬಯಿಯ ಸಿಪಾಯಿಗಳು. ಮಿನಿಯೇಚರ್ ಆಟದವರಲ್ಲಿ ಅನೇಕರು ಯೂರೋಪಿನ ಸೈನಿಕನ ಗುಂಡಿಗಳನ್ನು ಎಣಿಸಿ, ಸಿಪಾಯಿಗಳಿಗೆ ಒಂದು ಕೆಂಪು ಒಂದು ಬಿಳಿ ಬಳಿದು ಮುಗಿಸುತ್ತಾರೆ. ಇದು ನನಗೆ ಸರಿಕಾಣುವುದಿಲ್ಲ. ಕೆಂಪು ಮೋಟು ಅಂಗಿ, ಮೊಣಕಾಲಿಗಿಂತ ಮೇಲೆ ನಿಲ್ಲುವ ಬಿಳಿ ಚಡ್ಡಿ, ಅದರ ಅಂಚಿಗೆ ಎಷ್ಟೋ ಸಲ ನೀಲಿಯ ಹಲ್ಲುಹಲ್ಲಾದ ಗೆರೆ, ನಡುಕಟ್ಟು, ಮುಂಡಾಸು, ಅಡ್ಡ ಹಾಯ್ದ ಎರಡು ತೊಗಲುಪಟ್ಟಿಗಳು, ಬರಿಗಾಲು ಅಥವಾ ಚಪ್ಪಲಿ: ಇದು ಕಂಪನಿಯ ಸಿಪಾಯಿಯ ಸಾಮಾನ್ಯ ರೂಪ. ಮುಂಡಾಸಿನ ಆಕಾರ ಮಾತ್ರ ಮುಂಬಯಿ, ಮದ್ರಾಸು, ಬಂಗಾಳಗಳಲ್ಲಿ ಬೇರೆಬೇರೆಯಾಗಿತ್ತು. ತಂಜಾವೂರಿನ ಚಿತ್ರಕಾರರು ಬರೆದ ಮದ್ರಾಸಿ ಸಿಪಾಯಿಗಳ ಸುಂದರ ಚಿತ್ರಗಳು ಸುಲಭವಾಗಿ ಸಿಗುತ್ತವೆಂದು ಅದೇ ಮುಂಡಾಸನ್ನು ಹೊನ್ನಾವರಕ್ಕೆ ತಂದು ಕಟ್ಟುವುದು ಸಲ್ಲದು. ಹಣೆಯ ನಾಮ, ಕಿವಿಯ ಒಂಟಿ, ಗಡ್ಡಮೀಸೆಗಳನ್ನು ನಾನು ತಪ್ಪದೆ ಬರೆಯುತ್ತೇನೆ. ಇವುಗಳಲ್ಲಿ ನಾಮ, ಒಂಟಿ, ಗಡ್ಡಗಳನ್ನು ನಿಷೇಧಿಸಿ ಹೊಸ ಬಗೆಯ ಟೋಪಿಯನ್ನು ಹೇರಲು ಹೊರಟದ್ದರಿಂದ ಮುಖ್ಯವಾಗಿ 1806ರ ಜುಲೈನಲ್ಲಿ ವೆಲ್ಲೂರಿನ ಸಿಪಾಯಿಗಳು ದಂಗೆಯೆದ್ದರು. ಒಂದು ಮುಖಕ್ಕೆ ಸೊನ್ನೆ ನಂಬರಿನ ಕುಂಚದ ತುದಿಯಿಂದ ಎಳೆಯುವ ಆ ಸಣ್ಣ ಗೆರೆಯ ಹಿಂದೆ ಇಷ್ಟು ಇತಿಹಾಸವಿದೆ.

ಶ್ರೀರಂಗಪಟ್ಟಣದ ದರಿಯಾ ದೌಲತ್‌ನಲ್ಲಿರುವ ಪೊಳ್ಳಿಲೂರು ಕದನದ ಭಿತ್ತಿಚಿತ್ರವನ್ನು ಕನ್ನಡ ನಾಡಿನ ಯಾವ ಮಿನಿಯೇಚರ್ ಕಲಾವಿದನೂ ನೋಡದೆ ಇರಬಾರದು. ಪಲ್ಲಕ್ಕಿಯಲ್ಲಿ ಗಾಯಗೊಂಡು ಕುಳಿತ ಬೈಲಿ, ಸಿಡಿಯುತ್ತಿರುವ ಮದ್ದಿನ ಬಂಡಿ, ಚೌಕದಲ್ಲಿ ಸಿಲುಕಿದ ಕೆಂಪಂಗಿಗಳು ಇವನ್ನೆಲ್ಲ ಗೆದ್ದವರ ಕಡೆಯಿಂದ ನೋಡುವ ಅವಕಾಶ ಬೇರೆಲ್ಲಿಯೂ ಸಿಗುವುದಿಲ್ಲ. ಆದರೆ 1850ರ ದಶಕದಲ್ಲಿ ಗವರ್ನರ್ ಜನರಲ್ ಡಾಲ್‌ಹೌಸಿಯ ಆಜ್ಞೆಯಂತೆ ಅದನ್ನು ಮತ್ತೆ ಬರೆಸಲಾಯಿತು. ಹಾಗಾಗಿ ಸೈನಿಕರು ನಿಂತ ಕ್ರಮ, ಆಯುಧ ಹಿಡಿದ ಬಗೆ, ಸಾಲುಗಳ ರಚನೆ ಇವುಗಳಿಗೆ ಅದನ್ನು ನೆಚ್ಚುತ್ತೇನೆ, ಬಣ್ಣದ ಛಾಯೆಗೆ ನೆಚ್ಚುವುದಿಲ್ಲ.

ಛಾಯೆಯ ಪ್ರಶ್ನೆಯನ್ನು ಬಿಡಿಸುವುದು ಬಣ್ಣದ ಮೂಲ. ಸಾಮಾನ್ಯ ಸೈನಿಕನ ಕೋಟಿಗೆ ಮಂಜಿಷ್ಠದ ಜಾತಿಯ ಬೇರಿನ ಕೆಂಪು, ಅಧಿಕಾರಿಯ ಕೋಟಿಗೆ ಕಾಚಿನೀಲ್ ಕೀಟದಿಂದ ತೆಗೆದ ಉಜ್ವಲ ಕೆಂಪು. ಬೇರಿನ ಕೆಂಪು ಬಿಸಿಲಿಗೆ ಮಾಸಿದಾಗ ನೀರು ಬೆರೆಸಿದ ಅಡಿಕೆ ಚೊಗರಿನ ಹಾಗೆ ಕಂದು ಬಣ್ಣಕ್ಕೆ ತಿರುಗುತ್ತದೆ. ಹೀಗಾಗಿ ಸಿಪಾಯಿಗಳಿಗೆ ಗಾಢ ಕಂದಿನ ತಳಬಣ್ಣ ಕೊಟ್ಟು, ಮಡಿಕೆಗಳಲ್ಲಿ ಅದನ್ನು ಹಾಗೆಯೇ ಉಳಿಸಿ, ಉಬ್ಬಿದ ಕಡೆಗಳಲ್ಲಿ ಮಂಕಾದ ಕೆಂಪನ್ನು ಎರಡು ತೆಳು ಪದರಗಳಾಗಿ ಹಚ್ಚುತ್ತೇನೆ. ಶುದ್ಧ ಕೆಂಪು ಅಧಿಕಾರಿಗೆ ಮಾತ್ರ. ಅಂಚುಪಟ್ಟಿಯೊಳಗಿನ ಬಣ್ಣದ ಎಳೆಗಳು 28 ಮಿಲಿಮೀಟರ್ ಎತ್ತರದ ಗೊಂಬೆಯಲ್ಲಿ ಕಣ್ಣಿಗೆ ಬೀಳುವುದಿಲ್ಲವಾದ್ದರಿಂದ ಬಿಳಿಯೊಂದೇ ಸಾಕು. ಮುತ್ತಿಗೆಯ ಕೊನೆಯ ತಿಂಗಳುಗಳನ್ನು ತೋರಿಸುವ ಗೊಂಬೆಗಳಿಗೆ ತೇಪೆಗಳನ್ನೂ ಹರಿದ ತೋಳುಗಳನ್ನೂ ಸೇರಿಸುತ್ತೇನೆ, ಏಕೆಂದರೆ ಒಂದು ಇಡೀ ಮಳೆಗಾಲವನ್ನು ಕೋಟೆಯೊಳಗೆ ಕಳೆದವರ ಮೈಮೇಲೆ ಹೊಸ ಕೋಟು ಇರಲಾರದು. ಗೊಂಬೆಯ ಪೀಠಕ್ಕೆ ಚಿರೆಕಲ್ಲಿನ ಪುಡಿಯನ್ನು ತೆಳುಬಟ್ಟೆಯಲ್ಲಿ ಸೋಸಿ ಅಂಟಿನ ಮೇಲೆ ಉದುರಿಸಿ, ಅದೇ ಬಣ್ಣವನ್ನು ಪಾದಗಳಿಗೂ ಚಡ್ಡಿಯ ಅಂಚಿಗೂ ಒಣಕುಂಚದಿಂದ ತಾಗಿಸುತ್ತೇನೆ.

ನಮ್ಮ ಕರಾವಳಿಯಲ್ಲಿ ಜೂನಿನಿಂದ ಸೆಪ್ಟೆಂಬರಿನವರೆಗೆ ಸ್ಪ್ರೇ ಪ್ರೈಮರ್ (ಬಣ್ಣಕ್ಕೆ ಮೊದಲು ಸಿಂಪಡಿಸುವ ಅಡಿಲೇಪ) ಬಳಸದಿರುವುದು ಒಳ್ಳೆಯದು. ತೇವದ ಗಾಳಿಯಲ್ಲಿ ಅದು ಮರಳುಮರಳಾಗಿ ಕೂರುತ್ತದೆ, ಕೊನೆಗೆ ಹಚ್ಚುವ ಹೊಳಪಿಲ್ಲದ ಮ್ಯಾಟ್ ವಾರ್ನಿಷ್ ಬಿಳಿಚಿಕೊಳ್ಳುತ್ತದೆ. ಆ ತಿಂಗಳುಗಳಲ್ಲಿ ಕುಂಚದಿಂದ ಹಚ್ಚುವ ಪ್ರೈಮರನ್ನೇ ಬಳಸುತ್ತೇನೆ, ವಾರ್ನಿಷನ್ನು ಅಕ್ಟೋಬರಿನ ಒಣ ಬಿಸಿಲಿಗೆ ಬಿಡುತ್ತೇನೆ. ಕೋಟೆಯ ಪಡೆ ಈಗ ವಾರ್ನಿಷಿಗೆ ಸಿದ್ಧವಾಗಿದೆ. ಮುತ್ತಿಗೆ ಹಾಕಿದ ಮೈಸೂರಿನ ಫಿರಂಗಿದಳದ ಕೆಲಸ ಮುಂದಿದೆ.