ಜೆರಾಕ್ಸ್ ಅಂಗಡಿಗೆ ಆಧಾರ್ ಕಳಿಸುವ ಮುಂಚೆ

ನಮ್ಮದು ತಾಲ್ಲೂಕು ಕಚೇರಿ ಎದುರಿನ ಜೆರಾಕ್ಸ್ ಅಂಗಡಿ. ಬೆಳಿಗ್ಗೆ ಬಾಗಿಲು ತೆಗೆದರೆ ಒಂದೇ ಮಾತು: "ಅಣ್ಣಾ, ನಿಮ್ ವಾಟ್ಸಾಪ್ ನಂಬರ್ ಹೇಳಿ, ಆಧಾರ್ ಕಳಿಸ್ತೀನಿ." ಕಳಿಸುತ್ತಾರೆ, ಪ್ರಿಂಟ್ ತಗೊಂಡು ಹೋಗುತ್ತಾರೆ. ಆ ಫೋಟೋ ಆಮೇಲೆ ಏನಾಯ್ತು ಅಂತ ಯಾರೂ ಕೇಳಿಲ್ಲ. ನಾನೂ ಯೋಚಿಸಿರಲಿಲ್ಲ.

ಕಳೆದ ದೀಪಾವಳಿಯಲ್ಲಿ ಕಂಪ್ಯೂಟರ್ ನಿಧಾನ ಆಯ್ತು ಅಂತ ಡೌನ್‌ಲೋಡ್ಸ್ ಫೋಲ್ಡರ್ ತೆರೆದೆ. ಎರಡು ವರ್ಷದ ಸರಕು ಹಾಗೇ ಬಿದ್ದಿತ್ತು. ಆಧಾರ್, ಪಾಸ್‌ಬುಕ್ ಮೊದಲ ಪುಟ, ಮಾರ್ಕ್ಸ್ ಕಾರ್ಡ್, ಯಾರದೋ ಸ್ಕ್ಯಾನಿಂಗ್ ರಿಪೋರ್ಟ್. ಅಷ್ಟರಲ್ಲಿ ಅಂಗಡಿಯ ಕೆಲಸಕ್ಕೆ ಮೂರು ಹುಡುಗರು ಬಂದು ಹೋಗಿದ್ದರು. ಯಾರೂ ಪೆನ್‌ಡ್ರೈವ್ ಚುಚ್ಚಿಲ್ಲ ಅಂದುಕೊಂಡಿದ್ದೇನೆ, ಅಷ್ಟೇ.

ವಾಟ್ಸಾಪ್‌ಗೆ ಬೀಗ ಇದೆಯಲ್ಲ ಅಂತೀರಾ? ಇದೆ, 2016ರಿಂದಲೂ ಎಲ್ಲರ ಮೆಸೇಜಿಗೂ ಇದೆ. ಆದರೆ ಅದು ದಾರಿಗೆ ಹಾಕಿದ ಬೀಗ. ನಿಮ್ಮ ಫೋನಿಂದ ನನ್ನ ಫೋನಿಗೆ ಬರುವ ತನಕ ಆ ಕಂಪನಿಯವರೂ ಅದನ್ನು ಓದಲಾರರು. ಬಂದು ಮುಟ್ಟಿದ ಮೇಲೆ ನನ್ನ ಗ್ಯಾಲರಿಯಲ್ಲಿ ಒಂದು, ಕಂಪ್ಯೂಟರಿನಲ್ಲಿ ಒಂದು, ಬ್ಯಾಕಪ್ ಆನ್ ಇದ್ದರೆ ಗೂಗಲ್ ಡ್ರೈವ್‌ನಲ್ಲಿ ಇನ್ನೊಂದು.

ಹಾಗಾಗಿ ಮೊದಲ ಕೆಲಸ, ಮಾಸ್ಕ್ಡ್ ಆಧಾರ್ ಇಳಿಸಿಕೊಳ್ಳಿ. ಮೈಆಧಾರ್ ವೆಬ್‌ಸೈಟಿನಲ್ಲಿ ಡೌನ್‌ಲೋಡ್ ಮಾಡುವಾಗ ಮಾಸ್ಕ್ಡ್ ಬೇಕಾ ಅಂತ ಒಂದು ಚಿಕ್ಕ ಚೌಕ ಇರುತ್ತದೆ, ಟಿಕ್ ಹಾಕಿ. ಮೊದಲ 8 ಅಂಕಿ ಮರೆಯಾಗಿ ಕೊನೆಯ 4 ಮಾತ್ರ ಕಾಣುತ್ತವೆ. ಪೂರ್ತಿ ನಂಬರೇ ಬೇಕು ಅನ್ನುವ ಕಡೆ ಮಾತ್ರ ಪೂರ್ತಿಯದು ಕೊಡಿ.

ಇಳಿಸಿದ ಪಿಡಿಎಫ್‌ಗೆ ಪಾಸ್‌ವರ್ಡ್ ಇರುತ್ತದೆ. ಇಂಗ್ಲಿಷಿನಲ್ಲಿ ಹೆಸರಿನ ಮೊದಲ ನಾಲ್ಕು ದೊಡ್ಡಕ್ಷರ, ಆಮೇಲೆ ಹುಟ್ಟಿದ ಇಸವಿ. ಅದನ್ನು ಅಂಗಡಿಯಲ್ಲಿ ಕೂಗಿ ಹೇಳಬೇಡಿ, ಕೀಬೋರ್ಡ್ ಕೇಳಿ ನೀವೇ ಒತ್ತಿ. ಹೆಸರು ಗೊತ್ತಿರುವವನಿಗೆ ಇಸವಿ ಊಹಿಸೋದು ಕಷ್ಟವೇನಲ್ಲ. ಆದರೂ ಬರೀ ಫೋಟೋಗಿಂತ ಇದು ವಾಸಿ.

ಪ್ರಿಂಟ್ ಕೈಗೆ ಬಂದ ಮೇಲೆ ಹೊರಡಬೇಡಿ. "ಡಿಲೀಟ್ ಫಾರ್ ಎವರಿವನ್" ಒತ್ತಿದರೆ ಚಾಟ್‌ನಲ್ಲಿರುವುದು ಹೋಗುತ್ತದೆ, ಕಂಪ್ಯೂಟರಿಗೆ ಇಳಿಸಿದ ಫೈಲ್ ಹೋಗುವುದಿಲ್ಲ. ಅದಕ್ಕೆ "ಅಳಿಸಿಬಿಡಿ ಅಣ್ಣ" ಅಂತ ಹೇಳಿ ಪಕ್ಕದಲ್ಲೇ ನಿಂತು ನೋಡಿ. ಬರೀ ಡಿಲೀಟ್ ಒತ್ತಿದರೆ ರೀಸೈಕಲ್ ಬಿನ್‌ನಲ್ಲಿ ಕೂತಿರುತ್ತದೆ. ಶಿಫ್ಟ್ ಹಿಡಿದು ಡಿಲೀಟ್ ಒತ್ತಬೇಕು. ಸಂಕೋಚ ಯಾಕೆ? ದುಡ್ಡು ಕೊಟ್ಟಿದ್ದೀರಿ, ಅಲ್ವಾ. ಪ್ರತಿಯ ಮೇಲೆ ಅಡ್ಡಲಾಗಿ "ಗ್ಯಾಸ್ ಕನೆಕ್ಷನ್‌ಗೆ ಮಾತ್ರ" ಅಂತ ಬರೆದು ತಾರೀಖು ಹಾಕುವುದೂ ಒಳ್ಳೆಯ ಅಭ್ಯಾಸ.

ಇನ್ನು ಕೆಲವರು ನನಗೆ ಕಳಿಸುವುದೇ ಇಲ್ಲ. ನಮ್ಮ ಕಂಪ್ಯೂಟರಿನಲ್ಲೇ ತಮ್ಮ ವಾಟ್ಸಾಪ್ ವೆಬ್ ತೆರೆಯುತ್ತಾರೆ, ಹಾಗೇ ಬಿಟ್ಟು ಬಸ್ ಹಿಡಿಯುತ್ತಾರೆ. ಒಂದು ಸಲ ಕಾಲೇಜು ಹುಡುಗನೊಬ್ಬ ಹೋಗಿ ಅರ್ಧ ಗಂಟೆ ಆಗಿರಲಿಲ್ಲ, ನನ್ನ ಸ್ಕ್ರೀನಿನ ಮೂಲೆಯಲ್ಲಿ "ಊಟ ಆಯ್ತಾ ಮಗಾ?" ಅಂತ ಬಂತು. ಲಾಗ್ ಔಟ್ ನಾನೇ ಮಾಡಿದೆ. ಮಾರನೇ ದಿನ ಅವನು ಬಂದಾಗ ಫೋನ್ ತೆಗೆಸಿ ತೋರಿಸಿದೆ: ಮೇಲಿನ ಮೂರು ಚುಕ್ಕಿ, ಲಿಂಕ್ಡ್ ಡಿವೈಸಸ್. ಅಲ್ಲಿ ಇನ್ನೂ ಒಂದು ಕಂಪ್ಯೂಟರ್ ಇತ್ತು.

"ಇದ್ಯಾವುದೋ?" ಅಂದೆ.

"ಹಾಸ್ಟೆಲ್ ಹತ್ರ ಒಂದು ಅಂಗಡಿ ಅಣ್ಣ" ಅಂದ. ಅಲ್ಲೇ ನಿಂತು ಅದನ್ನೂ ಲಾಗ್ ಔಟ್ ಮಾಡಿದ.